ಜಾಲರಿ ಉಜ್ಜುವ ಸರದಿ ಯಾರದು?

ಕತ್ರಿಗುಪ್ಪೆಯ ತಾರಸಿಗಳಿಗೆ ಒಂದು ಕ್ರಮವಿದೆ. ಮೊದಲು ಕಪ್ಪು ಸಿಂಟೆಕ್ಸ್ ಟ್ಯಾಂಕು, ಅದರ ಪಕ್ಕ ಸೋಲಾರು, ಸೋಲಾರಿನ ಕಾಲಿನಿಂದ ಮೆಟ್ಟಿಲ ಕೋಣೆಯ ಗೋಡೆಗೆ ಎಳೆದು ಕಟ್ಟಿದ ಬಟ್ಟೆ ಹಗ್ಗ, ಹಳೇ ಪೇಂಟ್ ಡಬ್ಬಿಗಳಲ್ಲಿ ದೊಡ್ಡಪತ್ರೆ, ಕರಿಬೇವು. ಈಚೆಗೆ ಈ ಸಂಸಾರಕ್ಕೆ ಮೂರು ಕಾಲಿನವನೊಬ್ಬ ಸೇರಿಕೊಂಡಿದ್ದಾನೆ. ವರ್ಷದ ಮುಕ್ಕಾಲು ಭಾಗ ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರುವ ಹಳೇ ಫ್ಲೆಕ್ಸ್ ಹೊದ್ದು ಮೂಲೆಯಲ್ಲಿ ನಿಂತಿರುತ್ತಾನೆ. ಡಿಸೆಂಬರಿನ ಚಳಿ ಶುರುವಾಯಿತೋ, ಫ್ಲೆಕ್ಸ್ ಜಾರುತ್ತದೆ, ಬಾರ್ಬೆಕ್ಯೂ ಹೊರಬರುತ್ತದೆ.

ನಮ್ಮ ಮನೆಯದು ಮೈದುನನ ಉಡುಗೊರೆ. ಅಮೆರಿಕದಲ್ಲಿ ಇರುವವನು. ಅಲ್ಲಿಂದ ಹೊತ್ತು ತರಲಿಲ್ಲ, ಇಲ್ಲಿಗೆ ಬಂದ ಮೇಲೆ ಆನ್‌ಲೈನಿನಲ್ಲಿ ತರಿಸಿಕೊಟ್ಟ. ಆದರೆ ಕಥೆಯನ್ನು ಮಾತ್ರ ಅಲ್ಲಿಂದಲೇ ತಂದಿದ್ದ. ಷಿಕಾಗೋದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ ಎಂಬಾತ 1952ರಲ್ಲಿ, ನೀರಿನ ಮೇಲೆ ತೇಲಿಬಿಡುವ ಲೋಹದ ಬೋಯದ ಗುಂಡನ್ನು ಎರಡು ಹೋಳು ಮಾಡಿ, ಕೆಳಗಿನದಕ್ಕೆ ಕಾಲು, ಮೇಲಿನದಕ್ಕೆ ಹಿಡಿ ಹಚ್ಚಿ ಮುಚ್ಚಳದ ಗ್ರಿಲ್ ಮಾಡಿದನಂತೆ. ಬಂದ ನೆಂಟರಿಗೆಲ್ಲ ಮೈದುನ ಇದನ್ನು ಹೇಳಿದ. ಅದನ್ನು ತೊಳೆದವರು ಯಾರು ಎಂದು ಒಬ್ಬರಿಗೂ ಹೇಳಲಿಲ್ಲ.

ಬಾರ್ಬೆಕ್ಯೂ ಗಂಡಸರ ಅಡುಗೆ. ಸಾರಿನ ಸೌಟು ಎಲ್ಲಿದೆಯೆಂದು ವರ್ಷವಿಡೀ ಕೇಳುವವರು ಅಂದು ತಾವೇ ಏಪ್ರನ್ ಕಟ್ಟಿ, ಇಕ್ಕಳ ಹಿಡಿದು, ಇದ್ದಲಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ಮೂವತ್ತು-ನಲವತ್ತರ ಸೈಟುಗಳ ಬೀದಿ ನಮ್ಮದು. ಹೊಗೆ ನೇರವಾಗಿ ಪಕ್ಕದ ಮನೆಯ ಒದ್ದೆ ಪಂಚೆಗಳ ಮೇಲೆ ಹೋಗಿ ಕೂರುತ್ತದೆ. ಪಕ್ಕದ ಮನೆಯವರಿಗೆ ಎರಡು ಜೋಳ ಕಳಿಸಿ ರಾಜಿಯಾಗುವುದು ಪದ್ಧತಿ.

ನಮ್ಮದು ಸಸ್ಯಾಹಾರದ ಮನೆ. ಮಾಂಸವೇ ಇಲ್ಲದ ಮೇಲೆ ಜಿಡ್ಡೆಲ್ಲಿಂದ ಎಂದು ಕೇಳುವವರು ಪನೀರನ್ನು ಸುಟ್ಟು ನೋಡಿಲ್ಲ. ನೀರು ಬಸಿದ ಮೊಸರು, ಕಡಲೆಹಿಟ್ಟು, ಖಾರದಪುಡಿ, ಎಣ್ಣೆ ಕಲಸಿ ಮೆತ್ತಿದ ಪನೀರಿನ ಅರ್ಧ ಮೈ ಜಾಲರಿಗೇ ಹೋಗುತ್ತದೆ. ಅನಾನಸಿನ ಹೋಳಿಗೆ ಸವರಿದ ಜೇನುತುಪ್ಪ ಕಂಬಿಯ ಮೇಲೆ ಪಾಕವಾಗಿ, ಪಾಕ ಕರಕಾಗುತ್ತದೆ. ಅದರ ಮೇಲೆ ಹೊಗೆಯ ಜಿಗುಟು. ಬಿಸಿಗೆ ಸಿಕ್ಕ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಬಾಗಿಲಿಗೆ ಬಳಿದ ವಾರ್ನಿಷ್‌ನ ಹಾಗೆ ಗಟ್ಟಿ ಪದರವಾಗುತ್ತವೆ. ಒಂದು ರಾತ್ರಿ ಆರಲು ಬಿಟ್ಟರೆ ಮುಗಿಯಿತು, ವಿಮ್ ಸೋಪು ಅದರ ಮೇಲೆ ಜಾರಿ ಹೋಗುತ್ತದೆ.

ಹೀಗಾಗಿ ಗ್ರಿಲ್ಲಿನ ನಿಜವಾದ ಕಥೆ ಶುರುವಾಗುವುದು ಮಾರನೆಯ ಬೆಳಿಗ್ಗೆ. ಜಾಲರಿ ಸಿಂಕಿನಲ್ಲಿ ಹಿಡಿಸುವುದಿಲ್ಲ, ಒಂದು ಅಂಚು ಗ್ರಾನೈಟಿನ ಮೇಲೇ ಇರುತ್ತದೆ. ನಮ್ಮ ಮನೆಗೆ ಪಾತ್ರೆಗೆ ಬರುವಾಕೆ ಅದನ್ನು ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅಕ್ಕಾ, ಇನ್ನೂ ನಾಕು ಕುಕ್ಕರ್ ಬೇಕಾದ್ರೆ ಹಾಕಿ, ತೊಳ್ಕೊಡ್ತೀನಿ. ಇದನ್ನ ಮಾತ್ರ ಅಣ್ಣನಿಗೇ ಕೊಡಿ" ಎಂದಳು. ಅಣ್ಣ ಆಗ ಪೇಪರಿನೊಳಗೆ ಇದ್ದರು.

ಅಣ್ಣ ಅಂದು ಮೇನ್ ರೋಡಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಂತಿ ಬ್ರಷ್ ತಂದರು. ಅಂಗಡಿಯವರು "ಗೇಟಿಗಾ ಸಾರ್? ರೆಡ್ ಆಕ್ಸೈಡೂ ಕೊಡ್ಲಾ?" ಎಂದು ಕೇಳಿದರಂತೆ. ನಗಬಹುದು, ಆದರೆ ಅಂಗಡಿಯವರೇ ಸರಿ. ಆ ಬ್ರಷ್ಷಿನ ಎಳೆ ಮುರಿದು ಕಂಬಿಗೆ ಅಂಟಿ, ಮುಂದಿನ ಸಲ ಜೋಳದೊಳಗೆ ಸೇರಿ, ಗಂಟಲಿಗೋ ಕರುಳಿಗೋ ಚುಚ್ಚಿದ ಪ್ರಕರಣಗಳಿವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲೇ ರೋಡ್ ಐಲೆಂಡಿನ ಇಂಥ ರೋಗಿಗಳ ವಿಷಯ ಪ್ರಕಟಿಸಿ ಎಚ್ಚರಿಸಿದೆ. ತಂತಿ ಬ್ರಷ್ ಈಗ ಗೇಟಿನ ಕೆಲಸಕ್ಕೇ ಇದೆ. ಟಾಯ್ಲೆಟ್ಟಿನ ಆಸಿಡ್ ಸುರಿಯಿರಿ ಎಂದು ಸಲಹೆ ಕೊಡುವವರೂ ಇದ್ದಾರೆ. ಕಂಬಿಗೆ ಹಚ್ಚಿದ ಕ್ರೋಮಿಯಂ ಲೇಪವನ್ನು ಆಸಿಡ್ ತಿನ್ನುತ್ತದೆ, ಅಲ್ಯೂಮಿನಿಯಂ ಟ್ರೇ ಇದ್ದರೆ ಅದನ್ನು ಕಾಸ್ಟಿಕ್ ಸೋಡಾ ತಿನ್ನುತ್ತದೆ. ಎರಡೂ ಅಡುಗೆಯ ಹತ್ತಿರ ಸುಳಿಯಬೇಕಾದ ಪದಾರ್ಥಗಳಲ್ಲ.

ಇಷ್ಟಕ್ಕೆಲ್ಲ ಉತ್ತರ ನಮ್ಮ ಭಾಗದಲ್ಲಿ ಎಲ್ಲರ ಕಣ್ಣೆದುರೇ ಇದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ನಿಂತು ತಿನ್ನುವುದರ ಜೊತೆಗೆ ಅಡುಗೆಮನೆಯನ್ನು ನೋಡುತ್ತ ತಿನ್ನುವುದೂ ಬೆಂಗಳೂರಿಗೆ ಅಭ್ಯಾಸವಾಯಿತು. ದೋಸೆ ಭಟ್ಟರನ್ನು ಗಮನಿಸಿ. ಒಂದು ಸಾಲು ದೋಸೆ ಎಬ್ಬಿಸಿದ ಕೂಡಲೇ ಕಾದ ಕಾವಲಿಗೆ ನೀರು ಚಿಮುಕಿಸುತ್ತಾರೆ. ನೀರು ಚುರ್ ಎಂದು ಹಬೆಯಾಗಿ ಏಳುವಾಗ ಕರಕಲನ್ನೂ ಎಬ್ಬಿಸುತ್ತದೆ. ಮೋಟು ಕಡ್ಡಿ ಪೊರಕೆಯಿಂದ ಎಡದಿಂದ ಬಲಕ್ಕೆ ಒಂದು ಎಳೆತ, ಚೂರುಪಾರೆಲ್ಲ ಅಂಚಿನಾಚೆ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರಿದರೆ ಕಾವಲಿ ಮುಂದಿನ ಸಾಲಿಗೆ ಸಿದ್ಧ. ಕೈ ನಿಲ್ಲುವುದೇ ಇಲ್ಲ, ಬಾಯಲ್ಲಿ "ಎರಡು ಮಸಾಲೆ, ಒಂದು ಸೆಟ್" ನಡೆದೇ ಇರುತ್ತದೆ. ಕಾವಲಿಯನ್ನು ಮಾರನೆಯ ದಿನ ತೊಳೆದರಾಯಿತು ಎಂದು ಹೇಳಿದ ಭಟ್ಟರನ್ನು ನಾನಂತೂ ಕಂಡಿಲ್ಲ.

ಗ್ರಿಲ್ಲಿಗೂ ಇದೇ. ಕೊನೆಯ ಜೋಳ ಇಳಿಸಿದ ಮೇಲೆ ಮುಚ್ಚಳ ಹಾಕಿ, ಉಳಿದ ಕೆಂಡದಲ್ಲೇ ಜಾಲರಿಯನ್ನು ಹತ್ತು ನಿಮಿಷ ಕಾಯಿಸಬೇಕು. ಅಂಟಿದ ಹಿಟ್ಟು ಉರಿದು ಪುಡಿಯಾಗುತ್ತದೆ. ಅರ್ಧ ಈರುಳ್ಳಿಯನ್ನು ಉದ್ದ ಫೋರ್ಕಿಗೆ ಚುಚ್ಚಿ ಕಂಬಿಯ ಉದ್ದಕ್ಕೆ ತಿಕ್ಕಬೇಕು. ಒದ್ದೆ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ತುಕ್ಕೂ ಹಿಡಿಯುವುದಿಲ್ಲ. ಅಷ್ಟಕ್ಕೂ ಬಗ್ಗದಿದ್ದರೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಮಗುವಿನ ಹಳೇ ಸ್ನಾನದ ಟಬ್ಬಿನಲ್ಲಿ ರಾತ್ರಿಯೆಲ್ಲ ನೆನೆಸಿಡಬಹುದು. ಅದು ಸ್ಟೀಲಿನದಾದರೆ ಮಾತ್ರ. ಬೀಡು ಕಬ್ಬಿಣದ ಜಾಲರಿಯನ್ನು ನೆನೆಹಾಕಿದರೆ ಬೆಳಿಗ್ಗೆ ಕುಂಕುಮದ ಬಣ್ಣ ತಿರುಗಿರುತ್ತದೆ.

ನಮ್ಮ ಅತ್ತೆ ಸಾಗರದ ಕಡೆಯವರು, ಸೌದೆ ಒಲೆ ಕಂಡವರು. ಹೆಬ್ಬಾಗಿಲ ಹತ್ತಿರ ಕುಳಿತು ಈ ಗದ್ದಲವನ್ನೆಲ್ಲ ನೋಡಿ, "ನಾವು ಪಾತ್ರೆ ಒಲೆ ಮೇಲೆ ಇಡೋಕ್ ಮುಂಚೇನೇ ತಳಕ್ಕೆ ಒದ್ದೆ ಮಣ್ಣು ಬಳೀತಿದ್ವಿ ಕಣೇ. ಮಸಿ ಮಣ್ಣಿಗೆ ಹಿಡೀತಿತ್ತು, ಪಾತ್ರೆಗಲ್ಲ. ನೀವು ಸುಟ್ಟಾದ ಮೇಲೆ ಯೋಚನೆ ಮಾಡ್ತೀರಿ" ಎಂದರು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಬಚ್ಚಲ ಹಂಡೆಯನ್ನು ಹುಣಸೆಹಣ್ಣು, ಬೂದಿ, ತೆಂಗಿನ ಗುಂಜು ಹಿಡಿದು ತಿಕ್ಕಿ ಬೆಳಗಿದ ಕೈ ಅವರದು. ಅವರ ಮಾತಿಗೆ ಎದುರಾಡಲು ಮೈದುನನ ಹತ್ತಿರವೂ ಏನೂ ಇರಲಿಲ್ಲ.

ಬೂದಿ ಎಂದ ಕೂಡಲೇ ನೆನಪಾಯಿತು, ಗ್ರಿಲ್ಲಿನ ಹೊಟ್ಟೆಯಲ್ಲೇ ಅದು ಬೇಕಾದಷ್ಟಿರುತ್ತದೆ. ಕಟ್ಟಿಗೆ, ಇದ್ದಲ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಕ್ಷಾರದ ಗುಣ. ನೀರು ಬೆರೆಸಿ ಜಿಡ್ಡಿನ ಮೇಲೆ ಹಚ್ಚಿದರೆ ಕ್ಷಾರ ಜಿಡ್ಡನ್ನು ಸಡಿಲಿಸುತ್ತದೆ, ಸ್ವಲ್ಪ ಭಾಗವನ್ನು ಸೋಪೇ ಮಾಡಿಬಿಡುತ್ತದೆ. ಕೊಳೆಯೂ ಗ್ರಿಲ್ಲಿನದೇ, ಸೋಪೂ ಗ್ರಿಲ್ಲಿನದೇ. ಎಳನೀರು ಗಾಡಿಯ ಪಕ್ಕ ಬಿದ್ದ ಒಣ ಸಿಪ್ಪೆಯಿಂದ ಒಂದು ಗುಂಜು ಕಿತ್ತು ತಂದರೆ ಖರ್ಚು ಸೊನ್ನೆ. ಕೈಗೆ ಗ್ಲೌಸ್ ಇರಲಿ, ಬೂದಿ ಚರ್ಮವನ್ನೂ ಒಣಗಿಸುತ್ತದೆ. ಮಿಕ್ಕ ಬೂದಿಯನ್ನು ಅಂದೇ ಕಸದ ಬುಟ್ಟಿಗೆ ಸುರಿಯಬೇಡಿ. ಬೂದಿಯೊಳಗಿನ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತದೆ, ಕಸದ ಆಟೋಗೆ ಬೆಂಕಿ ಹತ್ತಿಸಿದ ಪುಣ್ಯ ನಮಗೆ ಬೇಡ.

ಇನ್ನೊಂದು ತಾಪತ್ರಯ ತಾರಸಿಯಲ್ಲೇ ತೊಳೆಯುವುದು. 2009ರ ಕಾಯ್ದೆ ತಿದ್ದುಪಡಿಯ ನಂತರ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟುವ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ಅಂದರೆ ತಾರಸಿಯ ನೀರು ಪೈಪಿನಲ್ಲಿ ಇಳಿದು ಸಂಪಿಗೋ ಇಂಗುಗುಂಡಿಗೋ ಸೇರುತ್ತದೆ. ಪನೀರಿನ ಜಿಡ್ಡು, ಮಸಿ, ಸೋಪಿನ ನೊರೆ ಹೋಗುವ ದಾರಿಯೂ ಅದೇ. ಪೈಪಿನ ಬಾಯಿಗೆ ಬಟ್ಟೆ ತುರುಕಿ ತೊಳೆದರೆ ತಾರಸಿ ಕೆರೆಯಾಗುತ್ತದೆ. ಅದಕ್ಕಿಂತ ಬಚ್ಚಲೇ ವಾಸಿ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ಗ್ರಿಲ್ಲಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಆ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರು ಯಾರೂ ಒಂದು ಜಾಲರಿಗೆ ನಾಲ್ಕು ಬಕೆಟ್ ನೀರು ಸುರಿಯಲು ಧೈರ್ಯ ಮಾಡರು. ಬಿಸಿ ಇದ್ದಾಗಲೇ ಒರೆಸಿದ ಜಾಲರಿಗೆ ಅರ್ಧ ಬಕೆಟ್ ಸಾಕು.

ಆದ್ದರಿಂದ ಡಿಸೆಂಬರಿನಲ್ಲಿ ಏಪ್ರನ್ ಕಟ್ಟುವ ಎಲ್ಲ ಅಣ್ಣಂದಿರಲ್ಲಿ, ಭಾವಂದಿರಲ್ಲಿ, ಅಮೆರಿಕದಿಂದ ಬರುವ ಮೈದುನರಲ್ಲಿ ಒಂದು ಬಿನ್ನಹ. ಕೊನೆಯ ಜೋಳ ಇಳಿಸಿದ ತಕ್ಷಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಳೇ ಕ್ರಿಕೆಟ್ ಮ್ಯಾಚಿನ ಮಾತು ತೆಗೆಯಬೇಡಿ. ಇಕ್ಕಳ ಇನ್ನೂ ಕೈಯಲ್ಲೇ ಇರುತ್ತದೆ, ಅರ್ಧ ಈರುಳ್ಳಿಯನ್ನು ನಾವೇ ಹೆಚ್ಚಿ ಕೊಡುತ್ತೇವೆ.