ಗ್ರಾಟಿಸ್ ಗವಸು

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ನಾರ್ವೆಯ ಟ್ರೊಂಡ್‌ಹೈಮಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಅಂಟಿನುಂಡೆ, ಮೆಂತ್ಯದ ಪುಡಿ, ಓಮಿನಕಾಳು, ಕೂಸಿಗೆ ಹೊಗೆ ಹಾಕಲು ಸಾಂಬ್ರಾಣಿ. (ಹೊಗೆ ಹಾಕಿದ ಮೊದಲ ದಿನವೇ ಸೂರಿನಲ್ಲಿದ್ದ ಅಲಾರಂ ಬಾಯಿ ಬಡಿದುಕೊಂಡಿತು. ಆ ಕಥೆ ಇನ್ನೊಮ್ಮೆ ಹೇಳುತ್ತೇನೆ.) ವಾಪಸ್ ಬರುವಾಗ ಇದ್ದದ್ದು ಕಪ್ಪು ಉಲ್ಲನ್ ಒಂದುಂಡೆ, ಬಿಳಿ ಉಲ್ಲನ್ ಒಂದುಂಡೆ, ಎರಡೂ ತುದಿ ಚೂಪಾದ ಐದು ಕಡ್ಡಿ, ಮತ್ತೆ ಒಂದೇ ಒಂದು ಕೈಗವಸು.

ಇಷ್ಟಕ್ಕೂ ಕಾರಣ ಬಿಟ್ಟಿಯ ಆಸೆ. ಹಾಲು ತರಲು ಅಳಿಯನ ಜೊತೆ ಹೋದವಳು ದಾರಿಯಲ್ಲಿ ಅಂಗಡಿಯ ಗಾಜಿನ ಹಿಂದೆ ಆ ಗವಸು ನೋಡಿದೆ. ಕಪ್ಪು ಬಿಳುಪು, ಬೆನ್ನಿನ ಮೇಲೆ ಎಂಟೆಸಳಿನ ಹೂವು. ಶುಕ್ರವಾರ ನಮ್ಮ ಬಾಗಿಲಲ್ಲಿ ಬಿಡಿಸುವ ಅಷ್ಟದಳ ಪದ್ಮ ಈ ಹಿಮದೂರಿಗೆ ಯಾವ ವಿಮಾನದಲ್ಲಿ ಬಂತಪ್ಪಾ ಅನ್ನಿಸಿತು. "ಬೇಕಾ ಅತ್ತೆ? ತಗೊಳ್ಳೋಣ" ಅಂದರು ಅಳಿಯಂದಿರು. ನಾನು ಚೀಟಿಯ ಮೇಲಿನ ಕ್ರೋನನ್ನು ರೂಪಾಯಿಗೆ ಗುಣಿಸಿ ಮುಗಿಸಿದ್ದೆ. "ಅಯ್ಯೋ ಬೇಡಪ್ಪ, ನಾನೇ ಹೆಣೀತೀನಿ. ಮಾದರಿ ನೆಟ್ಟಲ್ಲಿ ಬಿಟ್ಟಿ ಸಿಗತ್ತಂತೆ" ಅಂದೆ. ಬಿಟ್ಟಿ ಸಿಕ್ಕರೆ ನನಗೂ ಒಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಅನ್ನುವ ವಂಶದವಳು ನಾನು.

ಅಳಿಯ ಎರಡು ಪದ ಹೇಳಿಕೊಟ್ಟರು. ಬಿಟ್ಟಿಗೆ ಅವರ ಭಾಷೆಯಲ್ಲಿ 'ಗ್ರಾಟಿಸ್'. ಹೆಣಿಗೆಯ ಮಾದರಿಗೆ 'ಓಪ್‌ಸ್ಕ್ರಿಫ್ಟ್'. ಎರಡನ್ನೂ ಸೇರಿಸಿ ಒತ್ತಿದೆ. ಬಂದದ್ದು ಮೀನಿನ ಸೂಪು, ಹೃದಯದಾಕಾರದ ದೋಸೆ, ಏಲಕ್ಕಿ ಹಾಕಿದ ಬನ್ನು! ಅವರಿಗೆ ಅಡುಗೆಯ ವಿಧಾನವೂ ಓಪ್‌ಸ್ಕ್ರಿಫ್ಟೇ, ಹೆಣಿಗೆಯ ವಿಧಾನವೂ ಓಪ್‌ಸ್ಕ್ರಿಫ್ಟೇ. ನಾರ್ವೆಯವರು ಬನ್ನಿಗೆ ಏಲಕ್ಕಿ ಹಾಕುತ್ತಾರೆಂದು ತಿಳಿದ ಸಂತೋಷದಲ್ಲಿ ಅರ್ಧ ಗಂಟೆ ಗವಸನ್ನೇ ಮರೆತಿದ್ದೆ. ಆಮೇಲೆ ಮಗಳು ಕೂಸಿಗೆ ಹಾಲು ಕೊಡುತ್ತಲೇ, "ಅಮ್ಮಾ, ಓಪ್‌ಸ್ಕ್ರಿಫ್ಟಿಗೆ ಮೊದಲು 'ಸ್ಟ್ರಿಕ್ಕೆ' ಸೇರಿಸಿ ಒಂದೇ ಪದ ಮಾಡು, ನಮ್ಮ ಸಮಾಸದ ಹಾಗೆ" ಅಂದಳು. ಸ್ಟ್ರಿಕ್ಕೆ ಅಂದರೆ ಹೆಣೆ. ಗವಸಿಗೆ 'ವೋಟ್ಟರ್'. ಗ್ರಾಟಿಸ್ ವೋಟ್ಟರ್! ಬಿಟ್ಟಿಗೂ ವೋಟರಿಗೂ ಇರುವ ನಂಟು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮಾದರಿಗಳ ಮಳೆ ಸುರಿಯಿತು. ಆದರೆ ಓದುವುದು ಹೇಗೆ? ಅನುವಾದದ ಯಂತ್ರಕ್ಕೆ ಕೊಟ್ಟೆ. ಅದು "48 ಮುಖವಾಡಗಳನ್ನು ಇಡಿ" ಅಂದಿತು. ಮುಂದಿನ ಸಾಲಿಗೆ "2 ಖಾದ್ಯ ಒಟ್ಟಿಗೆ". ಕೊನೆಗೆ ಮುಖವಾಡಗಳನ್ನೆಲ್ಲ ಬೋನಿಗೆ ಬೀಳಿಸಬೇಕಂತೆ. ಹೆಣಿಗೆಯೋ ಯಕ್ಷಗಾನವೋ! ಪಾಪ, ಯಂತ್ರದ್ದೇನೂ ತಪ್ಪಿಲ್ಲ. ಅವರ 'ಮಾಸ್ಕೆ' ಅಂದರೆ ಮುಖವಾಡವೂ ಹೌದು, ಕಡ್ಡಿಯ ಮೇಲಿನ ಕುಣಿಕೆಯೂ ಹೌದು. 'ರೆಟ್' ಅಂದರೆ ಊಟದ ಖಾದ್ಯ, ನ್ಯಾಯಾಲಯ, ನೇರ, ಜೊತೆಗೆ ನಾವು ಸೀದಾ ಅನ್ನುವ ಹೆಣಿಗೆ. ಉಲ್ಟಾ ಹೆಣಿಗೆಗೆ 'ವ್ರಾಂಗ್'. ಮಾತು ಕೇಳದ ಮೊಂಡನಿಗೂ ಅದೇ ಪದ. ಅಂದರೆ ನಾನು ನಡುನಡುವೆ ಮೊಂಡತನ ಮಾಡಬೇಕು. ಅದಕ್ಕೆ ನನಗೆ ಮಾದರಿ ಬೇಕಿಲ್ಲ ಅನ್ನುವುದು ನಮ್ಮೆಜಮಾನರು ಮೈಸೂರಿನಿಂದ ಫೋನಿನಲ್ಲಿ ಕೊಟ್ಟ ಅಭಿಪ್ರಾಯ.

ಪದಗಳ ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಇಲ್ಲಿನ ಸೇಟೆಸ್‌ಡಾಲ್ ಕಣಿವೆಯದೊಂದು ಹೆಸರಾಂತ ಸ್ವೆಟರಿದೆ, 'ಲೂಸೆಕೋಫ್ಟೆ'. ಕಪ್ಪು ಮೈ ತುಂಬ ಒಂದೊಂದೇ ಬಿಳಿ ಕುಣಿಕೆಯ ಚುಕ್ಕಿ. 'ಲೂಸ್' ಅಂದರೆ ಹೇನು. ಹೇನಂಗಿಯನ್ನು ಹಬ್ಬಕ್ಕೆ ತೊಟ್ಟುಕೊಳ್ಳುವ ಜನರ ಹಾಸ್ಯಪ್ರಜ್ಞೆಗೆ ಕೈ ಮುಗಿದೆ. ಸಹನೆಗೂ ಮುಗಿಯಬೇಕು: 2013ರ ನವೆಂಬರಿನಲ್ಲಿ ಇವರ ಸರ್ಕಾರಿ ಟಿವಿ ಎನ್‌ಆರ್‌ಕೆ ಒಂದಿಡೀ ರಾತ್ರಿ ಹೆಣಿಗೆಯನ್ನೇ ನೇರಪ್ರಸಾರ ಮಾಡಿತು. ಕುರಿಯ ಉಣ್ಣೆ ಕತ್ತರಿಸಿ, ನೂತು, ಸ್ವೆಟರ್ ಮುಗಿಸುವವರೆಗೆ. ಆಸ್ಟ್ರೇಲಿಯದವರ 4 ಗಂಟೆ 51 ನಿಮಿಷದ ದಾಖಲೆ ಮುರಿಯುತ್ತೇವೆಂದು ಹೊರಟವರು 8 ಗಂಟೆಗೂ ಹೆಚ್ಚು ತೆಗೆದುಕೊಂಡು ಸೋತರು. ಅದನ್ನೂ ದೇಶ ಕೂತು ನೋಡಿತು. ನಮ್ಮ ಧಾರಾವಾಹಿಗಳಲ್ಲಿ ಅಷ್ಟು ಹೊತ್ತಿಗೆ ಅತ್ತೆ ಒಂದು ಬಾಗಿಲನ್ನೂ ದಾಟಿರುವುದಿಲ್ಲ ಬಿಡಿ.

ಬಿಟ್ಟಿಯಲ್ಲೂ ಜಾತಿಗಳಿವೆ ಎಂದು ಗೊತ್ತಾದದ್ದು ಎರಡನೇ ವಾರದಲ್ಲಿ. ಗಾರ್ನ್‌ಸ್ಟೂಡಿಯೊ ಎಂಬ ನಾರ್ವೆಯ ಕಂಪನಿ ತನ್ನ 'ಡ್ರಾಪ್ಸ್' ಮಾದರಿಗಳನ್ನು ಹತ್ತಾರು ಭಾಷೆಗಳಲ್ಲಿ ರಾಜಾರೋಷವಾಗಿ ಬಿಟ್ಟಿ ಕೊಡುತ್ತದೆ. ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲಿದೆ, ಮುಖವಾಡಗಳ ಕಾಟ ತಪ್ಪಿತು. ಧರ್ಮವೇನಲ್ಲ, ಲೆಕ್ಕಾಚಾರ. ಮಾದರಿಯ ತಲೆಯಲ್ಲೇ ಅವರದೇ ನೂಲಿನ ಹೆಸರು ಬರೆದಿರುತ್ತದೆ. ಬಳೆಗಾರ ಮಾತು ಬಿಟ್ಟಿ ಆಡಿ ಬಳೆ ಮಾರಿದ ಹಾಗೆ. ನನಗದು ಒಪ್ಪಿಗೆಯೇ. 'ರಾವೆಲ್ರಿ' ಎಂಬ ಅಮೆರಿಕದ ತಾಣದಲ್ಲೂ ಬಿಟ್ಟಿಯದನ್ನಷ್ಟೇ ಸೋಸಿ ತೋರಿಸುವ ಗುಂಡಿಯಿದೆ. ಆ ಗುಂಡಿ ಒತ್ತಿ ಒತ್ತಿ ನನ್ನ ಬೆರಳು ಸವೆದಿದೆ.

ಆದರೆ ಆಸೆಗೆ ಕೊನೆಯೆಲ್ಲಿ? ಕಣ್ಣು ಬಿದ್ದದ್ದು 'ಮಾರಿಯುಸ್' ಸ್ವೆಟರಿನ ಮೇಲೆ. ನೀಲಿ, ಬಿಳಿ, ಕೆಂಪು, ಅವರ ಬಾವುಟದ್ದೇ ಬಣ್ಣ. ಯುದ್ಧವಿಮಾನ ಹಾರಿಸಿದ, ಹಿಮದ ಮೇಲೆ ಜಾರಿದ, 1954ರಲ್ಲೊಂದು ಸಿನಿಮಾದಲ್ಲಿ ಆ ಸ್ವೆಟರ್ ತೊಟ್ಟು ಬಂದ ಮಾರಿಯುಸ್ ಎರಿಕ್ಸೆನ್ ಹೆಸರು ಅದಕ್ಕೆ. ವಿನ್ಯಾಸ ಉನ್ ಸೋಯ್ಲಾಂಡ್ ಡಾಲೆ ಎಂಬಾಕೆಯದು. ಯಾರೋ ಪುಣ್ಯಾತ್ಮರು ಪುಟದ ಫೋಟೊ ತೆಗೆದು ಹಾಕಿದ್ದರು. "ನೋಡಿ, ಗ್ರಾಟಿಸ್!" ಅಂದೆ. ಅಳಿಯಂದಿರು ಕನ್ನಡಕ ಸರಿ ಮಾಡಿಕೊಂಡು, "ಅತ್ತೆ, ಅದಕ್ಕೆ ಹಕ್ಕುದಾರರಿದ್ದಾರೆ. ಇದು ಬಿಟ್ಟಿಯಲ್ಲ, ಕಳ್ಳಮಾಲು" ಅಂದರು. ಮಗಳಿಗೆ ಇಷ್ಟು ಪ್ರಾಮಾಣಿಕ ಗಂಡನನ್ನು ಹುಡುಕಿದ್ದು ನಾನೇ. ಅನುಭವಿಸಬೇಕಾದವಳೂ ನಾನೇ.

ನ್ಯಾಯವಾಗಿ ಬಿಟ್ಟಿ ಬೇಕಾದರೆ ಹಳೆಯದಕ್ಕೆ ಹೋಗಬೇಕು. ಹುಡುಕಾಟದಲ್ಲಿ ನಾನು ಕಲಿತ ಬುದ್ಧಿ ಇದೊಂದೇ. ಗಾಜಿನ ಹಿಂದಿದ್ದ ಗವಸಿನ ಹೂವಿಗೆ ಯಜಮಾನರಿಲ್ಲ. ಟ್ರೊಂಡ್‌ಹೈಮಿನಿಂದ ಕಾರಿನಲ್ಲಿ ಗಂಟೆಯ ದಾರಿ ಸೆಲ್ಬು. ಅಲ್ಲಿ 1857ರಲ್ಲಿ ಮಾರಿತ್ ಎಂಬ ಹದಿಹರೆಯದ ಹುಡುಗಿ ಎರಡು ಬಣ್ಣದಲ್ಲಿ ಈ ಹೂವಿನ ಗವಸು ಹೆಣೆದು, ಅಕ್ಕತಂಗಿಯರ ಜೊತೆ ಹಾಕಿಕೊಂಡು ಚರ್ಚಿಗೆ ಹೋದಳಂತೆ. ಅವತ್ತು ಪಾದ್ರಿಯ ಉಪದೇಶ ಯಾವ ಹೆಂಗಸಿನ ಕಿವಿಗೆ ಬಿದ್ದಿದ್ದೀತು? ಎಲ್ಲರ ಕಣ್ಣೂ ಆ ಕೈಗಳ ಮೇಲೆ, ಮನಸ್ಸಿನಲ್ಲೇ ಕುಣಿಕೆಯ ಎಣಿಕೆ. ಹೀಗೆ ಊರೆಲ್ಲ ಹಬ್ಬಿ, ಇವತ್ತು ಸೆಲ್ಬು ಪುರಸಭೆಯ ಲಾಂಛನದಲ್ಲೇ ಆ ಹೂವು ಮೂರಿವೆ. ಎಂಟೆಸಳಿನ ಹೂವು ಮಾರಿತಳಿಗಿಂತ ಹಳೆಯದು, ಹಲವು ದೇಶಗಳದು. ಅದನ್ನು ಗವಸಿಗೆ ಏರಿಸಿದ ಕೀರ್ತಿ ಅವಳದು.

ನಾರ್ವೆಯ ಹಲವು ವಸ್ತುಸಂಗ್ರಹಾಲಯಗಳು ಸೇರಿ 'ಡಿಜಿಟಾಲ್ಟ್ ಮ್ಯೂಸಿಯಂ' ಎಂಬ ತಾಣದಲ್ಲಿ ಹಳೆಯ ಗವಸುಗಳ ಫೋಟೊ ಇಟ್ಟಿವೆ. ಕಾಸು ಕೇಳುವವರಿಲ್ಲ. ಒಂದನ್ನು ಪರದೆಯ ತುಂಬ ಹಿಗ್ಗಿಸಿದೆ. ಚೌಕಳಿ ಪುಸ್ತಕವೊಂದನ್ನು ಅಂಗಡಿಯಿಂದ ತಂದು (ಇದಕ್ಕೆ ದುಡ್ಡು ಕೊಟ್ಟೆ), ಕಪ್ಪು ಕುಣಿಕೆಗೊಂದು ಕರಿಮನೆ, ಬಿಳಿಗೆ ಖಾಲಿಮನೆ. ಧಾರವಾಡದ ಕಡೆಯ ಕಸೂತಿಯವರು ಬಟ್ಟೆಯ ಎಳೆ ಎಣಿಸುವುದನ್ನು ನೋಡಿದವರಿಗೆ ನನ್ನ ಭಂಗಿ ಗೊತ್ತಾಗುತ್ತದೆ: ಮೂಗು ಪರದೆಗೆ, ಬಾಯಲ್ಲಿ ಹದಿಮೂರು ಹದಿನಾಲ್ಕು. ಅಷ್ಟರಲ್ಲಿ ಕೂಸು ಅಳಬೇಕು, ಮತ್ತೆ ಒಂದರಿಂದ. ಒಂದು ಎಸಳಿಗೆ ಮೂರು ದಿನ ಹಿಡಿಯಿತು.

ಎರಡು ಬಣ್ಣದ ಹೆಣಿಗೆಯ ಗುಟ್ಟು ಒಳಮೈಯಲ್ಲಿದೆ. ಮೇಲೆ ಕಪ್ಪು ಹೆಣೆಯುವಾಗ ಬಿಳಿ ಎಳೆ ಹಿಂದೆ ಸುಮ್ಮನೆ ಹಾದುಹೋಗುತ್ತದೆ, ಬಿಳಿಯ ಸರದಿಯಲ್ಲಿ ಕಪ್ಪು. ಹೀಗೆ ಗವಸಿಗೆ ಎರಡು ಪದರ, ಅದಕ್ಕೇ ಅಷ್ಟು ಬೆಚ್ಚಗೆ. ಆ ಎಳೆ ಬಿಗಿಯಾದರೆ ಗವಸು ಹಪ್ಪಳದಂತೆ ಸುರುಟುತ್ತದೆ, ಸಡಿಲವಾದರೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಅಳತೆಗೆಂದು ಮೊದಲು 10 ಸೆಂಟಿಮೀಟರಿನ ಚೌಕವೊಂದನ್ನು ಹೆಣೆದು ಕುಣಿಕೆ ಎಣಿಸಿ ಎಂದು ಎಲ್ಲ ಮಾದರಿಗಳೂ ಬೇಡಿಕೊಳ್ಳುತ್ತವೆ. ಅನ್ನ ಬೆಂದಿದೆಯೋ ಎಂದು ಒಂದಗುಳು ಹಿಸುಕಿ ನೋಡುವ ನಾನು ಇದನ್ನು ಮಾತ್ರ ಮಾಡಲಿಲ್ಲ. ಉಲ್ಲನ್ ದಂಡ ಅಂತ. ಮೊಮ್ಮಗನ ಮುಂದಿನ ಚಳಿಗಾಲಕ್ಕೆಂದು ಶುರು ಮಾಡಿದ ಗವಸು ಈಗ ಅವನ ಅಪ್ಪನ ಕೈಗೆ ಸರಿಯಾಗಿದೆ.

ಸರಿಯಾಗಿದೆ ಅಂದೆನೇ? ಹೆಬ್ಬೆರಳೊಂದನ್ನು ಬಿಟ್ಟು. ಫೋಟೊದಲ್ಲಿದ್ದದ್ದು ಗವಸಿನ ಬೆನ್ನು ಮಾತ್ರ. ಅಂಗೈ ಕಡೆ ಏನಿದೆ, ಹೆಬ್ಬೆರಳು ಯಾವ ಸಾಲಿನಿಂದ ಏಳುತ್ತದೆ, ಒಂದೂ ಕಾಣದು. ಅಂದಾಜಿನ ಮೇಲೆ ಹೆಣೆದೆ. ಅದು ಕಿರುಬೆರಳ ಪಕ್ಕದಲ್ಲಿ ಎದ್ದು ನಿಂತಿದೆ. "ಪರವಾಗಿಲ್ಲ ಅತ್ತೆ, ಚೆನ್ನಾಗಿದೆ" ಅಂದರು ಅಳಿಯಂದಿರು. ಪ್ರಾಮಾಣಿಕತೆ ಅವರನ್ನು ಕೈಬಿಟ್ಟದ್ದು ಅದೊಂದೇ ಸಲ. ಸೆಲ್ಬುವಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂತಲೂ ಅಂದರು. ಪೆಟ್ರೋಲಿನ ಲೆಕ್ಕ ಹಾಕಿ ಬೇಡ ಅಂದವಳೂ ನಾನೇ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ಯಾರಾದರೂ ಟ್ರೊಂಡ್‌ಹೈಮ್ ಕಡೆ ಹೋಗುವವರಿದ್ದರೆ, ಸೆಲ್ಬು ಗವಸು ತೊಟ್ಟ ಯಾರದಾದರೂ ಕೈ ಕುಲುಕಿ, ಬಿಡುವ ಮೊದಲು ಅಂಗೈ ಮೇಲೆ ಮಾಡಿಸಿ ಒಂದು ಫೋಟೊ ತೆಗೆದು ಕಳಿಸಿ. ಹೆಬ್ಬೆರಳಿನ ಬುಡ ಸ್ಪಷ್ಟವಾಗಿ ಕಾಣಬೇಕು. ಎಡಗೈಯದೂ ಬಲಗೈಯದೂ ಎರಡೂ ಬೇಕು.