ಅಸಲು ಭಾವ

ಗೃಹಸಾಲ ತೆಗೆದುಕೊಂಡವರಲ್ಲಿ ಎರಡು ಪಂಗಡ. ತಿಂಗಳ ಐದನೇ ತಾರೀಕು ಕಂತು ಕಡಿತವಾದ ಮೆಸೇಜು ಬಂದಾಗ ಒಂದು ನಿಟ್ಟುಸಿರು ಬಿಟ್ಟು ಫೋನನ್ನು ಜೇಬಿಗೆ ಸೇರಿಸುವವರು ಮೊದಲನೆಯವರು. ಇವರಿಂದ ಯಾರಿಗೂ ಉಪದ್ರವವಿಲ್ಲ. ಎರಡನೆಯವರು ಆ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಸೋಸಿ, ಸೋಸಿದ್ದನ್ನು ಎದುರು ಸಿಕ್ಕವರಿಗೆಲ್ಲ ಬಡಿಸುವವರು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಬೀದಿಗೊಬ್ಬರು ಸಿಗುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು, ಕೋಸಂಬರಿ ಬರುವ ಮೊದಲೇ "ನಿಮ್ಮದು ಎಷ್ಟು ಪರ್ಸೆಂಟು?" ಅನ್ನುತ್ತಾರೆ. ತಿಥಿ ಮನೆಯಲ್ಲೂ ಕೇಳುತ್ತಾರೆ, ದನಿ ಸ್ವಲ್ಪ ತಗ್ಗಿಸಿ. ನನ್ನಂಥವನು ಬಾಡಿಗೆ ಮನೆಯಲ್ಲಿದ್ದೇನೆ ಅಂದರೆ, ಕಾಯಿಲೆಯ ಸುದ್ದಿ ಕೇಳಿದವರ ಮುಖ ಮಾಡುತ್ತಾರೆ.

"ಬಾಡಿಗೆ ಅಂದ್ರೇನ್ರೀ? ಅಸಲೇ ಇಲ್ಲದ ಬಡ್ಡಿ!"

ಈ ಮಾತು ನನ್ನ ಷಡ್ಡಕರದು. ನನ್ನ ಹೆಂಡತಿಯ ಅಕ್ಕನ ಗಂಡ. ಹೆಂಡತಿ ಕರೆದಂತೆ ನಾನೂ ಭಾವ ಅನ್ನುತ್ತೇನೆ. ಅವರಿಲ್ಲದಾಗ ಇಡೀ ಕುಟುಂಬವೇ 'ಅಸಲು ಭಾವ' ಅನ್ನುತ್ತದೆ. ಅದು ಅವರಿಗೂ ಗೊತ್ತು, ಬೇಜಾರೇನಿಲ್ಲ. ಅಸಲು ಎಂಬುದು ಅವರ ಪಾಲಿಗೆ ಬಿರುದು.

ಮೊದಲು ಹೀಗಿರಲಿಲ್ಲ ಅವರು. 2021ರಲ್ಲಿ ಕೆಂಗೇರಿಯಾಚೆ 20-30 ಸೈಟಿನಲ್ಲಿ ಕಟ್ಟಿದ್ದ ಮನೆ ಕೊಂಡಾಗ ಸಾಲ 50 ಲಕ್ಷ, ಬಡ್ಡಿ 6.75, ಅವಧಿ 20 ವರ್ಷ, ಕಂತು 38 ಸಾವಿರ. ಕೊರೊನಾ ಕಾಲದಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 4ಕ್ಕೆ ಇಳಿಸಿಟ್ಟಿತ್ತು, ಸಾಲ ಅಗ್ಗವಾಗಿತ್ತು. ಗೃಹಪ್ರವೇಶದ ಊಟದಲ್ಲಿ ತಾವೇ ತುಪ್ಪದ ಮಿಳ್ಳೆ ಹಿಡಿದು ಪಂಕ್ತಿಯುದ್ದಕ್ಕೂ ಬಂದವರು ಭಾವ. ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸುರಿದರು. ಆ ಕೈಯಿಂದ ಮತ್ತೆ ತುಪ್ಪ ಬಿದ್ದದ್ದನ್ನು ನಾನು ಕಂಡಿಲ್ಲ.

2022ರ ಮೇ 4ರಂದು ರೆಪೊ ಏರಲು ಶುರುವಾಯಿತು. ಮುಂದಿನ ಫೆಬ್ರವರಿಯ ಹೊತ್ತಿಗೆ ಒಟ್ಟು ಎರಡೂವರೆ ಪರ್ಸೆಂಟು ಮೇಲೇರಿ 6.50ಕ್ಕೆ ನಿಂತಿತು. ಭಾವನ ಬಡ್ಡಿ 9.25 ಆಯಿತು. ಬ್ಯಾಂಕಿನವರು ಕಂತು ಮುಟ್ಟಲಿಲ್ಲ, ಅವಧಿಯನ್ನು ಎಳೆದರು. ಮಾರ್ಚಿನಲ್ಲಿ ಭಾವ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ, ಕಟ್ಟಿದ 38 ಸಾವಿರದಲ್ಲಿ ಅಸಲಿಗೆ ಜಮೆಯಾದದ್ದು ಸುಮಾರು 400 ರೂಪಾಯಿ. ಮಿಕ್ಕದ್ದೆಲ್ಲ ಬಡ್ಡಿ. ಹೀಗೇ ಹೋದರೆ ಸಾಲ ತೀರಲು ಇನ್ನೂ 49 ವರ್ಷ. ಅವರಿಗಾಗ 46. ಕೊನೆಯ ಕಂತು ಕಟ್ಟುವಾಗ ತೊಂಬತ್ತೈದು. "ಪೆನ್ಷನ್ನೂ ಇಲ್ಲ, ಹಲ್ಲೂ ಇರಲ್ಲ, ಕಂತು ಮಾತ್ರ ಇರುತ್ತೆ" ಎಂದು ಫೋನಿನಲ್ಲಿ ಹೇಳಿದಾಗ ನಾನು ನಕ್ಕೆ. ಅವರು ನಗಲಿಲ್ಲ. ಮರುದಿನವೇ ಬ್ಯಾಂಕಿಗೆ ಹೋಗಿ ಕಂತನ್ನು 46 ಸಾವಿರಕ್ಕೆ ಏರಿಸಿಕೊಂಡು ಬಂದರು. ಅವಧಿ ಮತ್ತೆ ಹಳೆಯ ಗಡಿಗೆ ಬಂತು. ಸಂಬಳ ಮಾತ್ರ ಇದ್ದಲ್ಲೇ ಇತ್ತು. ಹೆಚ್ಚಿಗೆಯ ಎಂಟು ಸಾವಿರ ಮನೆಯೊಳಗಿಂದಲೇ ಹುಟ್ಟಬೇಕಿತ್ತು.

ಆಗ ಅವರು ಕಂಡುಹಿಡಿದದ್ದು 6.31ರ ಮಗ್ಗಿ. 9.25ರ ಬಡ್ಡಿಯಲ್ಲಿ ಇವತ್ತು ಒಂದು ರೂಪಾಯಿಯನ್ನು ಅಸಲಿಗೆ ಕಟ್ಟಿದರೆ, 20 ವರ್ಷದ ಕೊನೆಗೆ 6 ರೂಪಾಯಿ 31 ಪೈಸೆಯಷ್ಟು ಕಂತು ತಪ್ಪುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ನಾನು ಪರೀಕ್ಷಿಸಿದ್ದೇನೆ, ಸಂಕಟವೂ ಅದೇ. 80 ರೂಪಾಯಿಯ ಮಸಾಲೆ ದೋಸೆ ಅವರ ಕಣ್ಣಿಗೆ 505 ರೂಪಾಯಿಯದು. 20 ರೂಪಾಯಿಯ ಕಾಫಿ 126. ನಾನು ದರ್ಶಿನಿಯ ಮುಂದೆ ನಿಂತು ನೆಮ್ಮದಿಯಾಗಿ ಲೋಟ ಎತ್ತಿದರೆ ಪಕ್ಕದಲ್ಲಿ ಇವರು ತುಟಿಯಲ್ಲೇ ಗುಣಿಸುತ್ತಿರುತ್ತಾರೆ. ನನ್ನ ಮಗ ಹದಿಮೂರರ ಮಗ್ಗಿಯಲ್ಲಿ ತಡವರಿಸುತ್ತಾನೆ, 6.31ರದ್ದು ಬಾಯಿಪಾಠ.

ಬೀರುವಿನ ಬಾಗಿಲ ಒಳಬದಿಗೆ ಸಾಲದ ಪಟ್ಟಿ ಅಂಟಿಸಿದ್ದಾರೆ, ತಿಂಗಳಿಗೊಂದು ಸಾಲು. ಕೈಯಲ್ಲಿ ಐದು ಹತ್ತು ಸಾವಿರ ಸೇರಿದ ತಕ್ಷಣ ಪಾರ್ಟ್ ಪೇಮೆಂಟು. ಮೊಬೈಲಿನಲ್ಲೇ ಕಟ್ಟಬಹುದು, ಆದರೂ ಇಸ್ತ್ರಿ ಶರ್ಟು ಹಾಕಿಕೊಂಡು ಶಾಖೆಗೇ ಹೋಗಿ, "ಕಂತು ಇಳಿಸಬೇಡಿ, ಅವಧಿ ಇಳಿಸಿ" ಎಂದು ಬರೆದುಕೊಟ್ಟು ಬರುತ್ತಾರೆ. ಮನೆಗೆ ಬಂದು ಪಟ್ಟಿಯ ಬುಡದಿಂದ ಸಾಲು ಹೊಡೆಯುತ್ತಾರೆ. ಹೊಡೆಯುವುದಕ್ಕೆ ಸ್ಕೇಲು ಬೇಕು, ಕೆಂಪು ಪೆನ್ನು ಬೇಕು, ಹೆಂಡತಿ ಪಕ್ಕದಲ್ಲಿರಬೇಕು.

ಉಳಿದ ಲಕ್ಷಣಗಳನ್ನು ಬೇಗ ಹೇಳಿಬಿಡುತ್ತೇನೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಅವರ ಮನೆಯಲ್ಲಿ ಹುಣಸೆಹಣ್ಣಿನ ಯುಗ ಆರಂಭವಾಯಿತು; ಟೊಮೆಟೊ ಇಳಿದರೂ ಯುಗ ಮುಗಿದಿಲ್ಲ. ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಮನೆಯ ಹೊರಗಿನ ಕೆಲಸವೆಲ್ಲ ಅತ್ತಿಗೆಯ ಪಾಲಿಗೆ ಬಂತು. ಕೆ.ಆರ್. ಮಾರ್ಕೆಟ್ಟಿನ ತರಕಾರಿ, ಅವೆನ್ಯೂ ರಸ್ತೆಯ ಪುಸ್ತಕ, ಯಾರದೋ ಮನೆಯ ಅರಿಶಿನ ಕುಂಕುಮ, ಎಲ್ಲದಕ್ಕೂ "ನೀನೇ ಹೋಗಿಬಾರೆ, ಸೊನ್ನೆ ಟಿಕೆಟ್ಟು." ಅತ್ತಿಗೆ ಅದೇ ಸೊನ್ನೆ ಟಿಕೆಟ್ಟಿನಲ್ಲಿ ನಮ್ಮ ಮನೆಗೂ ಬಂದು, ಸಾಸಿವೆ ಡಬ್ಬಿಯಲ್ಲಿ ಉಳಿಸಿದ ಕಾಸಿನಲ್ಲಿ ನನ್ನ ಹೆಂಡತಿಯ ಜೊತೆ ಮಸಾಲೆ ದೋಸೆ ತಿಂದು ಹೋಗುತ್ತಾರೆ. ಇದನ್ನು ನಾನು ಬರೆದದ್ದು ಗೊತ್ತಾದರೆ ನನಗೆ ಆ ಮನೆಯಲ್ಲಿ ನೀರೂ ಸಿಗದು. 2024ರಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲೀ ಹಾಲೂ 2 ರೂಪಾಯಿಯೂ ಒಟ್ಟಿಗೆ ಸೇರಿದಾಗ, ಕೇಳದ ಹಾಲನ್ನು ತಲೆಗೆ ಕಟ್ಟಿದರಲ್ಲ ಎಂದು ಗೊಣಗಿದ್ದೇ ಗೊಣಗಿದ್ದು. ಆಮೇಲೆ ಆ ಹೆಚ್ಚಿಗೆಯ ಹಾಲಿಗೇ ಹೆಪ್ಪು ಹಾಕತೊಡಗಿದರು. ಮರುವರ್ಷ ಏಪ್ರಿಲ್‌ನಲ್ಲಿ ಬೆಲೆ ಏರಿ ಆ 50 ಮಿಲೀಯೂ ಹೋದಾಗ ಒಂದು ದಿನ ಮಾತೇ ಆಡಲಿಲ್ಲವಂತೆ.

ನಾನು ನಿಜಕ್ಕೂ ಹೇಳಬೇಕೆಂದದ್ದು ಫ್ರಿಜ್ಜಿನ ಕಥೆ.

ರೆಪೊ ಏರಿದ ಸುದ್ದಿ ಮೊದಲು ಬಂದ ವಾರವೇ ಭಾವ ಮನೆಯಲ್ಲಿ ಗೀಸರ್ ಆರಿಸಿದ್ದರು. ಆ ಇಡೀ ವರ್ಷ ಒಂದು ಕೋಣೆಯಲ್ಲಿ ದೀಪ ಹತ್ತಿದರೆ ಇನ್ನೊಂದರಲ್ಲಿ ಕತ್ತಲೆ. ಇಸ್ತ್ರಿ ವಾರಕ್ಕೊಂದು ಸಲ, ಅದೂ ಎರಡು ಶರ್ಟಿಗೆ. ಹೀಗೆ ಜಪ್ಪಿಸಿ ಜಪ್ಪಿಸಿ ತಿಂಗಳ ಸರಾಸರಿಯನ್ನು 54 ಯೂನಿಟ್ಟಿಗೆ ತಂದು ನಿಲ್ಲಿಸಿದರು. ಮರುವರ್ಷ ಗೃಹಜ್ಯೋತಿ ಬಂತು. 200 ಯೂನಿಟ್‌ವರೆಗೆ ವಿದ್ಯುತ್ತು ಉಚಿತ ಎಂದು ಕೇಳಿ ಭಾವ ಅಂಗಡಿಗೆ ಹೋಗಿ ಗೀಸರಿಗೆ ಹೊಸ ಕಾಯಿಲ್ ಕೂಡ ತಂದರು. ಆಮೇಲೆ ನಿಯಮ ಓದಿದರು. 2022-23ರಲ್ಲಿ ನೀವು ಸರಾಸರಿ ಎಷ್ಟು ಉರಿಸಿದ್ದೀರೋ ಅದಕ್ಕೆ ಶೇ 10 ಸೇರಿಸಿ ಅಷ್ಟು ಮಾತ್ರ ಉಚಿತ. ಅವರ ಪಾಲಿಗೆ ಬಂದದ್ದು 59. ಏಸಿ ಓಡಿಸುತ್ತಿದ್ದ ಪಕ್ಕದ ಮನೆಯವರ ಸರಾಸರಿ 170. ಅವರಿಗೆ 187 ಉಚಿತ.

ಆ ದಿನ ಭಾವ ನನ್ನ ಜೊತೆ ಫೋನಿನಲ್ಲಿ ಮಾತಾಡಿದ್ದನ್ನು ಪೂರ್ತಿ ಬರೆಯಲಾರೆ. ಸಾರಾಂಶ ಇಷ್ಟು: ಉಳಿಸಿದವನಿಗೆ ಉಳಿಸಿದ್ದಕ್ಕೇ ದಂಡ ಬಿದ್ದ ಉದಾಹರಣೆ ಪುರಾಣದಲ್ಲೂ ಇಲ್ಲ.

ಅಂದಿನಿಂದ 59 ಎಂಬುದು ಅವರಿಗೆ ಲಕ್ಷ್ಮಣರೇಖೆ. ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ಮೀಟರ್ ನೋಡುತ್ತಾರೆ. ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಶನಿವಾರ ರಾತ್ರಿ ಫೋನು ಮಾಡಿ, "ನಾಳೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಬನ್ನಿ" ಅಂದರು. ನನ್ನ ಹೆಂಡತಿ ಗಾಬರಿಯಾದಳು. "ಅಕ್ಕನಿಗೆ ಹುಷಾರಿಲ್ಲವಾ? ಸಾಲ ತೀರಿಹೋಯ್ತಾ?" ಎರಡೂ ಅಲ್ಲ, ಸುಮ್ಮನೆ ಕರೆದದ್ದು ಎಂದಾಗ ಗಾಬರಿ ಇನ್ನೂ ಹೆಚ್ಚಾಯಿತು. ಬರಿಗೈಯಲ್ಲಿ ಹೋಗುವುದು ಹೇಗೆಂದು ಹಣ್ಣು ಸ್ವೀಟು ಕಟ್ಟಿಸಿಕೊಂಡು ಆಟೋ ಹಿಡಿದೆವು.

ಅಂಥ ಊಟವನ್ನು ನಾನು ಹಿಂದೆ ಉಂಡಿಲ್ಲ. ಎಲೆಯ ಒಂದು ಮೂಲೆಯಲ್ಲಿ ಹುರುಳಿ ಬಸ್ಸಾರು, ಪಕ್ಕದಲ್ಲಿ ನುಗ್ಗೆಕಾಯಿ ಹುಳಿ, ಅದರ ಪಕ್ಕ ಮೆಂತ್ಯದ ಗೊಜ್ಜು, ಒಂದೊಂದೂ ಎರಡೆರಡು ಸೌಟಿನಷ್ಟು. ಕಳೆದ ಚಳಿಗಾಲದ ಹಿದುಕಿದ ಅವರೆಬೇಳೆಯ ಉಸಲಿ. ಯಾರದೋ ಮದುವೆಯ ಮೈಸೂರು ಪಾಕು. ಮೂರು ಬಗೆಯ ಮೊಸರು, ಹುಳಿಯ ಏರಿಕೆ ಕ್ರಮದಲ್ಲಿ. ಕೊನೆಗೆ ಅತ್ತಿಗೆ ಐಸ್‌ಕ್ರೀಮ್ ಡಬ್ಬಿ ಹೊರಗೆ ತಂದಾಗ ನನ್ನ ಮಗ ನೆಟ್ಟಗೆ ಕೂತ. ತೆರೆದರೆ ತುರಿದ ತೆಂಗಿನಕಾಯಿ. "ತಿನ್ನಪ್ಪ, ಸಕ್ಕರೆ ಹಾಕಿಕೊಡ್ತೀನಿ" ಎಂದು ಭಾವ ಧಾರಾಳವಾಗಿ ಅಂದರು.

ಆಗಲೇ ನನ್ನ ಹೆಂಡತಿ ನೀರಿಗೆಂದು ಅಡುಗೆಮನೆಗೆ ಹೋದವಳು ಫ್ರಿಜ್ಜಿನ ಬಾಗಿಲು ತೆರೆದಿರುವುದನ್ನು ಕಂಡಳು. ಒಳಗೆ ದೀಪವಿಲ್ಲ, ಸದ್ದಿಲ್ಲ, ಒರೆಸಿ ಒಣಗಿಸಿ ಇಟ್ಟಿದ್ದಾರೆ. ಸೋಮವಾರ ರೀಡಿಂಗು, ಮೀಟರು 58ಕ್ಕೆ ಬಂದು ನಿಂತಿದೆ. ಎರಡು ದಿನ ಫ್ರಿಜ್ಜು ಆರಿಸಿದರೆ ರೇಖೆ ದಾಟುವುದಿಲ್ಲ. ಒಳಗಿದ್ದದ್ದು ಹಾಳಾಗಬಾರದಲ್ಲ, ಅದಕ್ಕೆ ನಾವು.

ದಾಟಿದ್ದರೆ ಏನಾಗುತ್ತಿತ್ತು? ಹೆಚ್ಚಾದ ಎರಡು ಯೂನಿಟ್ಟಿನ ದುಡ್ಡು ಕಟ್ಟಬೇಕಿತ್ತು, ಅಷ್ಟೆ. ಹದಿನೈದು ರೂಪಾಯಿ ಮೀರುತ್ತಿರಲಿಲ್ಲ. ನಮ್ಮ ಆಟೋ ಖರ್ಚು ಹೋಗಿಬರಲು 600. ದಾರಿಯಲ್ಲಿ ಮಗ ಮೆಲ್ಲಗೆ, "ಅಪ್ಪಾ, ಮೂರು ಸಾವಿರದ ಏಳುನೂರ ಎಂಬತ್ತಾರು" ಅಂದ. ಅವನ ತಲೆಗೆ ಒಂದು ಮೊಟಕಿದೆ.

ಮನೆಗೆ ಬಂದು ರಾತ್ರಿಯೆಲ್ಲ ಓಮದ ನೀರು ಕುಡಿಯುತ್ತ ಭಾವನ ಮೇಲೆ ಹಲ್ಲು ಮಸೆದೆ. ಆದರೆ ಅದೇ ಮಧ್ಯಾಹ್ನದ ಇನ್ನೊಂದು ಸಂಗತಿ ಮಸೆಯಲು ಬಿಡುತ್ತಿರಲಿಲ್ಲ. ಹಾಲ್‌ನಲ್ಲಿ ನಮಗೆ ಬೀಸಣಿಗೆ ಕೊಟ್ಟಿದ್ದರು. ಒಳಗಿನ ಕೋಣೆಯಲ್ಲಿ ಅವರ ತಾಯಿಯ ತಲೆಯ ಮೇಲೆ ಫ್ಯಾನು ಇಡೀ ಹೊತ್ತು ತಿರುಗುತ್ತಿತ್ತು. 59ರ ಲೆಕ್ಕದಲ್ಲಿ ಅಮ್ಮನ ಫ್ಯಾನನ್ನು ಮೊದಲೇ ಕಳೆದಿಟ್ಟು, ಮಿಕ್ಕದ್ದರಲ್ಲಿ ಸಂಸಾರ ಮಾಡುವುದಂತೆ. ಅವರ ತಂದೆ ಮೇಷ್ಟ್ರು. ಸರ್ಕಾರ ಎಲ್ಲಿಗೆ ಎತ್ತಿಹಾಕಿದರೂ ಹೊರಟು, ಊರೂರ ಬಾಡಿಗೆ ಮನೆಗಳಲ್ಲಿ ಬಾಳಿ, ಕೊನೆಗೆ ಬಾಡಿಗೆ ಮನೆಯಲ್ಲಿದ್ದಾಗಲೇ ತೀರಿಕೊಂಡರು. ದೇಹವನ್ನು ಒಳಗೆ ತರಕೂಡದು ಎಂದು ಆ ಮನೆಯ ಮಾಲೀಕರು ಬಾಗಿಲಲ್ಲಿ ನಿಂತರಂತೆ. ಇದನ್ನು ಭಾವ ನನಗೆ ಹೇಳಿದ್ದಲ್ಲ. ಅತ್ತಿಗೆ ನನ್ನ ಹೆಂಡತಿಗೆ, ದೋಸೆ ತಿನ್ನುವಾಗ.

ಅವರ ಮನೆಯ ಗೋಡೆಗಳ ತುಂಬ ಮೊಳೆಗಳಿವೆ. ಕ್ಯಾಲೆಂಡರಿಗೊಂದು, ತಂದೆಯ ಫೋಟೋಕ್ಕೊಂದು ಬಿಟ್ಟರೆ ಮಿಕ್ಕವುಗಳಲ್ಲಿ ಏನೂ ತೂಗುಹಾಕಿಲ್ಲ. ಇದೆಲ್ಲ ಯಾತಕ್ಕೆ ಎಂದು ಕೇಳಿದ್ದೆ. "ಯಾತಕ್ಕಾದರೂ ಆಗುತ್ತೆ. ಹೊಡೀಬಹುದಲ್ಲ" ಅಂದರು. ನಮ್ಮ ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದು ಎಂದಿದೆ. ನಮ್ಮ ಮದುವೆಯ ಫೋಟೋ ಇವತ್ತಿಗೂ ಶೋಕೇಸಿನ ಮೇಲೆ ಗೋಡೆಗೆ ಒರಗಿ ನಿಂತಿದೆ. ನನ್ನ ಬಜೆಟ್ಟು ಎಂದರೆ ಇಪ್ಪತ್ತನೇ ತಾರೀಕಿನ ಮೇಲೆ ಬ್ಯಾಲೆನ್ಸ್ ನೋಡದಿರುವುದು. ವರ್ಷಕ್ಕೊಮ್ಮೆ ಬಾಡಿಗೆ ಏರಿದಾಗ ಅಸಲೇ ಇಲ್ಲದ ಬಡ್ಡಿ ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತದೆ. ಆಗ ಒಂದು ಕಾಫಿ ಕುಡಿಯುತ್ತೇನೆ.

2025 ಭಾವನ ಪಾಲಿಗೆ ಒಳ್ಳೆಯ ವರ್ಷ. ಎರಡು ತಿಂಗಳಿಗೊಮ್ಮೆ ಮುಂಬೈಯಲ್ಲಿ ಆರು ಜನ ಕೂತು ರೆಪೊ ತೀರ್ಮಾನಿಸುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಗವರ್ನರ್ ಅದನ್ನು ಟೀವಿಯಲ್ಲಿ ಓದುತ್ತಾರೆ. ಆ ದಿನ ಭಾವ ಆಫೀಸಿಗೆ ತಡ. ಫೆಬ್ರವರಿಯಲ್ಲಿ ಕಾಲು ಪರ್ಸೆಂಟು, ಏಪ್ರಿಲ್‌ನಲ್ಲಿ ಕಾಲು, ಜೂನ್‌ನಲ್ಲಿ ಅರ್ಧ, ಡಿಸೆಂಬರ್‌ನಲ್ಲಿ ಮತ್ತೆ ಕಾಲು ಇಳಿಯಿತು. "ಗವರ್ನರ್ ಮಲ್ಹೋತ್ರಾ ಕೈಗುಣ ಒಳ್ಳೇದು ಕಣ್ರೀ" ಎಂದು ತಮ್ಮ ಡಾಕ್ಟರ ಬಗ್ಗೆ ಹೇಳುವ ಹಾಗೆ ಹೇಳಿದರು. ಬ್ಯಾಂಕಿನಿಂದ ದರ 8ಕ್ಕೆ ಇಳಿದ ಮೆಸೇಜು ಬಂದ ಭಾನುವಾರ ಫೋನು ಮಾಡಿ, ಹೋಟೆಲಿಗೆ ಹೋಗೋಣ ಅಂದರು. ಫ್ರಿಜ್ಜು ಆನ್ ಇದೆಯಾ ಎಂದು ಹೆಂಡತಿ ಅಕ್ಕನಿಗೆ ಬೇರೆ ಫೋನು ಮಾಡಿ ವಿಚಾರಿಸಿಕೊಂಡಳು.

ಹೋಟೆಲಿನಲ್ಲಿ ಕೂತು ಭಾವ ವಿವರಿಸಿದರು. ಬಡ್ಡಿ 8 ಆದರೆ ಮಗ್ಗಿ 6.31ರದ್ದಲ್ಲ, 4.93ರದ್ದು. ಈ 90 ರೂಪಾಯಿಯ ದೋಸೆಗೆ ಹಳೆಯ ಲೆಕ್ಕದಲ್ಲಿ 568 ಆಗುತ್ತಿತ್ತು, ಈಗ 444. "ಒಂದು ದೋಸೆಗೆ 124 ರೂಪಾಯಿ ಇಳಿದಿದೆ. ದೋಸೆ ಬೆಲೆಗಿಂತ ಇಳಿದದ್ದೇ ಜಾಸ್ತಿ!" ಅತ್ತಿಗೆಯೂ ನನ್ನ ಹೆಂಡತಿಯೂ ಬಲು ದಿನದ ಮೇಲೆ ದೋಸೆ ಕಂಡವರಂತೆ ತಟ್ಟೆ ಎಳೆದುಕೊಂಡರು. ಎಲ್ಲರಿಗೂ ಒಂದೊಂದು ಮಸಾಲೆ, ಕಾಫಿ ಬೈ-ಟು. ಅಮ್ಮನಿಗೆಂದು ಎರಡು ಇಡ್ಲಿ ಪಾರ್ಸೆಲ್ಲು. ಬಿಲ್ಲು ಅವರೇ ಕೊಟ್ಟರು. ನಾನು ಜೇಬಿಗೆ ಕೈ ಹಾಕಿದರೆ ಗದರಿದರು.

"ದೊಡ್ಡಪ್ಪ, ಇನ್ನೊಂದು ಖಾಲಿ ದೋಸೆ ತಿನ್ಲಾ?" ಅಂದ ಮಗ.

ಭಾವ ಸೂರಿನ ಕಡೆ ನೋಡಿ ತುಟಿ ಅಲ್ಲಾಡಿಸಿದರು. "ಫೆಬ್ರವರಿ ಮೊದಲನೇ ವಾರ ಮತ್ತೆ ಮೀಟಿಂಗ್ ಇದೆ ಮಗಾ" ಅಂದರು, "ನೋಡೋಣ."