ಎರಡು ಶನಿವಾರ

ಟಿಕೆಟ್ಟನ್ನು ವಾಟ್ಸಾಪ್‌ನಲ್ಲಿ ಕಳಿಸಿ ಐದು ನಿಮಿಷ ಆಗಿರಲಿಲ್ಲ, ಅಮ್ಮನ ಫೋನು. "ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು, ಅದೇ ಶನಿವಾರ ಸಾಯಂಕಾಲ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಅಂತ ಹಾಕಿದಾರೆ. ಎರಡೂವರೆ ಗಂಟೆನೇನೋ? ಹಾಸನದ ಬಸ್ಸಿಗೇ ಅದಕ್ಕಿಂತ ಜಾಸ್ತಿ ಬೇಕು. ಇಷ್ಟು ಹತ್ತಿರ ಇದ್ಕೊಂಡು ಮೂರು ವರ್ಷದಿಂದ ಊರಿಗೆ ಬಂದಿಲ್ವಲ್ಲೋ!"

ಚಳಿಗಾಲದಲ್ಲಿ ನಮ್ಮ ಗಡಿಯಾರ ನಿಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದಿರತ್ತೆ, ಪ್ರಯಾಣ 16 ಗಂಟೆ ಕಣಮ್ಮಾ ಅಂದೆ. ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಅಪ್ಪ ರಿಟೈರ್ಡ್ ಭೂಗೋಳದ ಮೇಷ್ಟ್ರು. ಅಟ್ಟದಿಂದ ಗ್ಲೋಬು ಇಳಿಸಿ, ಅಮ್ಮ ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿಗೆ, ಇನ್ನೊಂದನ್ನು ಕ್ಯಾಲಿಫೋರ್ನಿಯಾಗೆ ಒತ್ತಿಹಿಡಿದು ಎಳೆದರಂತೆ. ದಾರ ಪೆಸಿಫಿಕ್ಕಿನ ಕಡೆ ತಿರುಗಿಯೂ ನೋಡದೆ ಸೈಬೀರಿಯಾ ಹಾದು, ಆರ್ಕ್‌ಟಿಕ್ ವೃತ್ತ ದಾಟಿ, ಅಲಾಸ್ಕಾ ಮೇಲಿಂದ ಇಳಿಯಿತು. "ಸುಮಾರು 14,000 ಕಿಲೋಮೀಟರು. ಮೈಸೂರಿಗೆ ಐವತ್ತು ಸಲ ಹೋಗಿ ಬಂದಷ್ಟು ಕಣೇ."

"ಮೈಸೂರಾದ್ರೆ ಐವತ್ತು ಸಲವೂ ಮದ್ದೂರಲ್ಲಿ ವಡೆ ಸಿಗತ್ತೆ" ಅಂದಳು ಅಮ್ಮ.

ಹೊರಡುವ ದಿನ ಒಂಬತ್ತಕ್ಕೆ ರಾಹುಕಾಲ ಅಂತ ಎಂಟೂಮುಕ್ಕಾಲಿಗೇ ಜಯನಗರ ಬಿಟ್ಟರು. ದೇವನಹಳ್ಳಿಗೆ ಹೋಗುವ ಆ ಎರಡು ಗಂಟೆ ಯಾವ ಟಿಕೆಟ್ಟಿನಲ್ಲೂ ಇರುವುದಿಲ್ಲ ನೋಡಿ. ವಿಮಾನದಲ್ಲಿ ಅಪ್ಪನಿಗೆ ಆಘಾತ ಕಾದಿತ್ತು. ಮುಂದಿನ ಸೀಟಿನ ಬೆನ್ನಿಗಿದ್ದ ಪರದೆಯ ಮೇಲೆ ಪುಟ್ಟ ವಿಮಾನ ಪೆಸಿಫಿಕ್ಕಿನ ಕಡೆಗೇ ಹೊರಟಿತ್ತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿಯ ಬೆನ್ನೇರಿದರೆ ದಾರಿ ಬಳಸಾದರೂ ಹೊತ್ತು ಉಳಿಯುತ್ತದೆ. ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವರು, ಆದರೂ ತಮ್ಮ ದಾರಕ್ಕೆ ಅವಮಾನವಾಯಿತು ಅಂತ ಜಪಾನ್ ದಾಟುವವರೆಗೆ ಯಾರ ಜೊತೆಯೂ ಮಾತಾಡಲಿಲ್ಲ.

ಅಮ್ಮ ಮಾತ್ರ ನಿಶ್ಚಿಂತೆ. ಶನಿವಾರ ರಾತ್ರಿ ಅನ್ನ ಮುಟ್ಟುವವಳಲ್ಲ. ಕಿಟಕಿಯಾಚೆ ಕತ್ತಲಾದಾಗ ಡಬ್ಬಿ ತೆಗೆದು ಒಗ್ಗರಣೆ ಅವಲಕ್ಕಿ ಪಲಾರ ಮುಗಿಸಿ, ಸೆರಗು ಹೊದ್ದು ಮಲಗಿದಳು. ಅವಳು ನಿದ್ದೆಯಲ್ಲಿದ್ದಾಗ ವಿಮಾನ ದಿನರೇಖೆ ದಾಟಿತು. ಬರಬೇಕಾಗಿದ್ದ ಭಾನುವಾರ ಮತ್ತೆ ಶನಿವಾರವಾಯಿತು.

ದೀಪ ಹಚ್ಚೋ ಹೊತ್ತಿಗೆ ಇಳಿದು, ಮನೆ ಸೇರಿ, ಕೈಕಾಲು ತೊಳೆದು ಬಂದು ಕೂತರೆ ನನ್ನ ಹೆಂಡತಿ ಬಿಸಿಬೇಳೆಬಾತ್ ಮಾಡಿದ್ದಾಳೆ. ತುಪ್ಪದ ಘಮ. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು.

"ಇವತ್ತೇನು ವಾರ?"

"ಶನಿವಾರ, ಅತ್ತೆ."

"ನಿನ್ನೆ?"

ಯಾರೂ ಉಸಿರೆತ್ತಲಿಲ್ಲ. ಅಪ್ಪ ತಟ್ಟೆ ಎಳೆದುಕೊಂಡು, "ನನಗೆ ಭಾನುವಾರ" ಎಂದು ಎರಡು ಸೌಟು ಹಾಕಿಸಿಕೊಂಡರು.

ಅಮ್ಮ ಕೇಳಿದಳು. "ವಾಪಸ್ ಹೋಗೋದು ಯಾವತ್ತೋ?"

"ಶುಕ್ರವಾರ ರಾತ್ರಿ ಹತ್ತಿದ್ರೆ ಭಾನುವಾರ ಬೆಳಗಿನ ಜಾವ ಇಳೀತೀರಮ್ಮ."

"ಅಂದ್ರೆ ಆವಾಗ ಶನಿವಾರ ರಾತ್ರಿನೇ ಇರಲ್ಲ." ಡಬ್ಬಿಯ ತಳದಲ್ಲಿ ಉಳಿದಿದ್ದ ಅವಲಕ್ಕಿಯನ್ನು ತಟ್ಟೆಗೆ ಕೊಡವಿಕೊಂಡಳು. "ಇವತ್ತಿಂದು ಅದಕ್ಕೆ ಜಮಾ ಮಾಡ್ಕೋ."